ಪೂಜೆಗೆ ಇಟ್ಟ ಗೇಣಿ ಪುಸ್ತಕ

ಆ ಪುಸ್ತಕವನ್ನು ಯಾರೂ ಸುಡಲಿಲ್ಲ, ಯಾರೂ ನಿಷೇಧಿಸಲೂ ಇಲ್ಲ. ಪೂಜೆಗೆ ಇಟ್ಟರು. ನಡೆದದ್ದು ಅಷ್ಟೇ.

ಮೊಮ್ಮಕ್ಕಳಿಗೆ ಇದನ್ನು ಹೇಳಿದರೆ ಅವರ ಮುಖ ಸಣ್ಣದಾಗುತ್ತದೆ. ಪೊಲೀಸರು ಬಂದರು, ಅಂಗಡಿಗೆ ಬೀಗ ಹಾಕಿದರು ಎಂದೇನಾದರೂ ಇದ್ದರೆ ಅವರಿಗೆ ಕೇಳಲು ಚೆನ್ನಾಗಿರುತ್ತಿತ್ತೋ ಏನೋ. ಹಾಗೇನೂ ಆಗಲಿಲ್ಲ. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು, ಒಬ್ಬರು ಬೆಲ್ಲ, ನೀರೂ ಕೊಟ್ಟರು. ಪುಸ್ತಕ ಮಾತ್ರ ಯಾರೂ ಕೊಡಲಿಲ್ಲ. ನಾನು ಇವತ್ತಿನವರೆಗೂ ಅದನ್ನು ಓದಿಲ್ಲ.

ನಾವಾಗ ಮಡಂತ್ಯಾರಿನ ಹತ್ತಿರ ಒಬ್ಬ ಧಣಿಯ ಗದ್ದೆಯನ್ನು ಚಾಲಗೇಣಿಗೆ ಮಾಡುತ್ತಿದ್ದೆವು. ಚಾಲಗೇಣಿ ಎಂದರೆ ಇವತ್ತು ಇದ್ದೀರಿ, ನಾಳೆ ಏಳಿ ಎಂದರೆ ಏಳಬೇಕು. ಮೂಲಗೇಣಿಯವರದ್ದು ಹಾಗಲ್ಲ, ಅವರಿಗೆ ತಲೆತಲಾಂತರಕ್ಕೆ. ನಮ್ಮದು ಮಾವನ ಕಾಲದಿಂದ ಅದೇ ಗದ್ದೆ, ಅದೇ ಮನೆ, ಆದರೂ ಚಾಲಗೇಣಿಯೇ. ಬೆಳೆ ಬಂದಾಗ ಅಕ್ಕಿಯನ್ನು ಬೈಹುಲ್ಲಿನಲ್ಲಿ ಮುಡಿ ಕಟ್ಟಿ ಧಣಿಯ ಅಂಗಳಕ್ಕೆ ಮುಟ್ಟಿಸುವುದು, ಕೈ ಮುಗಿದು ಬರುವುದು. ರಶೀದಿ ಎಂಬುದನ್ನು ನಾವು ಕೇಳಿದ್ದೂ ಇಲ್ಲ, ಅವರು ಕೊಟ್ಟದ್ದೂ ಇಲ್ಲ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷ ಆಗಿತ್ತು. ಗೇಣಿಯವರಿಗೆ ಕಾನೂನು ಬರುತ್ತದಂತೆ, ಬಂದೇ ಬಿಟ್ಟಿದೆಯಂತೆ, ಬಂದದ್ದು ಎಲ್ಲಿಯೋ ನಿಂತಿದೆಯಂತೆ, ಹೀಗೆ ಒಬ್ಬೊಬ್ಬರದ್ದು ಒಂದೊಂದು ಮಾತು. ನಾವು ಮಾತು ಕೇಳುತ್ತಾ ಕೂತೆವು, ಧಣಿಗಳು ಕೂರಲಿಲ್ಲ. ಏಣೇಲು ಬೆಳೆ, ಅಂದರೆ ಮಳೆಗಾಲದ ಭತ್ತ, ಹಣ್ಣಾಗುವ ಹೊತ್ತಿಗೆ ಅವರ ಗುಮಾಸ್ತ ನಮ್ಮ ಜಗಲಿಗೆ ಬಂದ.

"ಗದ್ದೆ ನೀವಾಗಿಯೇ ಬಿಟ್ಟುಕೊಡ್ತೀರಿ ಅಂತ ಒಂದು ಕಾಗದ ಆಗ್ಬೇಕು," ಎಂದು ನನ್ನ ಗಂಡನಿಗೆ ಹೇಳಿದ. "ಹೆಬ್ಬೆಟ್ಟು ಒತ್ತಿದ್ರೆ ಸಾಕು. ಆಮೇಲೆಯೂ ನೀವೇ ಮಾಡಿಕೊಂಡಿರಿ, ಯಾರು ಬೇಡ ಅಂತಾರೆ?"

"ಆಮೇಲೆಯೂ ನಾವೇ ಮಾಡುದಾದ್ರೆ ಈಗ ಬಿಟ್ಟುಕೊಡುದು ಯಾಕೆ?" ಎಂದು ನಾನು ಒಳಗಿನಿಂದ ಕೇಳಿದೆ.

ಅವನು ಬಾಗಿಲಿನ ಕಡೆ ನೋಡಲೂ ಇಲ್ಲ. "ವಿಜಯದಶಮಿ ದಿನ ಕಾಗದ ಹಿಡ್ಕೊಂಡು ಬರ್ತೇನೆ. ಒಳ್ಳೆ ದಿನ," ಎಂದು ನನ್ನ ಗಂಡನಿಗೇ ಹೇಳಿ ಕೊಡೆ ಬಿಚ್ಚಿದ.

ನನ್ನ ಗಂಡ ಕೆಟ್ಟವರಲ್ಲ. ಆದರೆ ಧಣಿಗಳ ಹೆಸರು ಎತ್ತಿದರೆ ಸಾಕು, ಅವರ ಬೆನ್ನು ತಾನಾಗಿಯೇ ಬಾಗುತ್ತಿತ್ತು.

"ಅವರು ಮೋಸ ಮಾಡುವ ಜನವಾ?" ಎಂದರು.

"ಅಲ್ಲದಿದ್ದರೆ ಕಾಗದ ಯಾಕೆ?" ಎಂದೆ.

ಅವರು ಎದ್ದು ಎತ್ತಿಗೆ ಹುಲ್ಲು ಹಾಕಲು ಹೋದರು. ಅವರಿಗೆ ಓದು ಬಾರದು. ನಾನು ಮೂರನೇ ಕ್ಲಾಸು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತೇನೆ, ತಡ ಆಗುತ್ತದೆ, ಆದರೆ ಒಂದನ್ನೂ ಬಿಡುವುದಿಲ್ಲ.

ಪುಸ್ತಕದ ಸುದ್ದಿ ತಂದವನು ನರಿಕೊಂಬಿನ ಕಡೆಯಿಂದ ಒಣಮೀನು ಹೊತ್ತು ಬರುತ್ತಿದ್ದ ಬ್ಯಾರಿ, ನಮ್ಮ ಕಡೆಯ ಮುಸಲ್ಮಾನ ವ್ಯಾಪಾರಿ. ಬುಟ್ಟಿ ಇಳಿಸಿ, ನಮ್ಮ ವಿಷಯ ಕೇಳಿ, ತಲೆಯ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ.

"ಅಕ್ಕ, ಅಣ್ಣನ ಹತ್ರ ಹೆಬ್ಬೆಟ್ಟು ಒತ್ಲಿಕ್ಕೆ ಬಿಡ್ಬೇಡಿ. ಗೇಣಿಯವರಿಗೆ ಅಂತಲೇ ಒಂದು ಪುಸ್ತಕ ಬಂದುಂಟು, ಕನ್ನಡದಲ್ಲಿ. ಯಾರನ್ನು ಎಬ್ಬಿಸ್ಬಹುದು, ಯಾರನ್ನು ಎಬ್ಬಿಸ್ಲಿಕ್ಕಿಲ್ಲ, ಎಲ್ಲ ಅದ್ರಲ್ಲಿ ಉಂಟಂತೆ. ಬಂಟ್ವಾಳ ಪೇಟೆಯಲ್ಲಿ ಅದೇ ಮಾತು."

"ನೀನು ಓದಿದ್ದೀಯಾ?"

"ಓದ್ಲಿಕ್ಕೆ ಬರ್ತಿದ್ರೆ ನಾನು ಬಂಗುಡೆ ಹೊರ್ತಿದ್ದೆನಾ? ಕಣ್ಣಲ್ಲಿ ನೋಡಿದ್ದೇನೆ. ನೀಲಿ ರಟ್ಟು, ಮೇಲೆ ಭತ್ತದ ತೆನೆಯ ಚಿತ್ರ. ಸಣ್ಣದು, ನಿಮ್ಮ ಅಂಗೈಗಿಂತ ಸ್ವಲ್ಪ ದೊಡ್ಡದು."

ಮರುದಿನ ಬಂಟ್ವಾಳಕ್ಕೆ ಹೋದೆ. ಪೇಟೆಯಲ್ಲಿ ಪುಸ್ತಕದ ಅಂಗಡಿ ಎಂದರೆ ಸ್ಲೇಟು, ಕಡ್ಡಿ, ಪಂಚಾಂಗ, ಧಣಿಗಳ ಮನೆಗೆ ಬೇಕಾದ ಉದ್ದ ಲೆಕ್ಕದ ಪುಸ್ತಕ, ಮೂಲೆಯಲ್ಲಿ ಸ್ವಲ್ಪ ಓದುವ ಪುಸ್ತಕ. ಅಂಗಡಿಯವನು ನನ್ನ ಸೀರೆ, ಮಣ್ಣಿನ ಕಾಲು ಎರಡನ್ನೂ ನೋಡಿದ.

"ಎಂತ ಬೇಕು? ಹಾಡಿನ ಪುಸ್ತಕವಾ? ವ್ರತದ್ದಾ?"

"ಗೇಣಿದ್ದು," ಎಂದೆ. "ನೀಲಿ ರಟ್ಟು, ತೆನೆಯ ಚಿತ್ರ."

ಅವನ ದನಿ ಇಳಿಯಿತು. "ಅಂಥದ್ದು ನಾವು ಇಡುವುದಿಲ್ಲ."

"ಇಡುವುದೇ ಇಲ್ಲವಾ, ಇಟ್ಟದ್ದು ಮುಗಿಯಿತಾ?"

"ಅಕ್ಕ, ಸ್ವಲ್ಪ ಮೆಲ್ಲಗೆ. ಅದು ಕೆಂಪು ಬಾವುಟದ ಪಾರ್ಟಿಯವರ ಪುಸ್ತಕ."

"ಅದರಲ್ಲಿ ಇರುವುದು ಸರಕಾರದ ಕಾನೂನು ಅಂತ ಹೇಳಿದ್ರು. ನಾನೇನು ಕಳ್ಳಭಟ್ಟಿ ಕೇಳಿದೆನಾ, ಮೆಲ್ಲಗೆ ಮಾತಾಡ್ಲಿಕ್ಕೆ?"

ಆಗ ನಮ್ಮಲ್ಲಿ ಪಾನನಿರೋಧ. ಆದರೂ ಕಳ್ಳಭಟ್ಟಿ ಯಾವ ಮನೆಯ ಹಿಂದೆ ಸಿಗುತ್ತದೆ ಎಂದು ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಪಕ್ಕದಲ್ಲಿ ಶಾಯಿಪುಡಿ ಕೊಳ್ಳುತ್ತಿದ್ದ ಒಬ್ಬರು ನಕ್ಕರು. ಅಂಗಡಿಯವನು ನಗಲಿಲ್ಲ. ಬೀದಿಯ ಆ ಕಡೆ ಈ ಕಡೆ ನೋಡಿ, "ಈ ಲೆಕ್ಕದ ಪುಸ್ತಕ ಕೊಳ್ಳುವವರು ಯಾರು ಅಂತ ನಿಮಗೆ ಗೊತ್ತುಂಟಲ್ಲ? ನಾನೂ ಅನ್ನ ತಿನ್ನುವವ. ಬೆಳ್ತಂಗಡಿಯ ವಾಚನಾಲಯದಲ್ಲಿ ಕೇಳಿ ನೋಡಿ," ಎಂದ. ಬೆಳ್ತಂಗಡಿಯಲ್ಲಿ ಉಂಟು ಎಂದು ಅವನಿಗೆ ಗೊತ್ತಿತ್ತು ಅಂತಲ್ಲ. ನಾನು ಅಂಗಡಿಯಿಂದ ಇಳಿಯಬೇಕಿತ್ತು, ಅಷ್ಟೇ.

ಎರಡು ದಿನ ಬಿಟ್ಟು ಬೆಳ್ತಂಗಡಿಗೆ ಹೋದೆ. ಗದ್ದೆಯಲ್ಲಿ ಭತ್ತ ಬಾಗಿ ನಿಂತಿತ್ತು, ಗಿಳಿ ಬಂದು ಕೂರುತ್ತಿತ್ತು, ನಾನು ಬಸ್ಸಿನಲ್ಲಿ ಕೂತಿದ್ದೆ. ಬಸ್ಸಿನಲ್ಲಿ ಪರಿಚಯದ ಹೆಂಗಸೊಬ್ಬಳು ಎಲ್ಲಿಗೆ ಎಂದು ಕೇಳಿದಳು. ಪುಸ್ತಕಕ್ಕೆ ಎಂದೆ. ಮತ್ತೆ ಅವಳು ನನ್ನನ್ನು ಮಾತಾಡಿಸಲಿಲ್ಲ. ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ವಾಚನಾಲಯ ಎಂದರೆ ಒಂದು ಉದ್ದ ಕೋಣೆ. ನಾಲ್ಕೈದು ಗಂಡಸರು ಒಂದು ಪತ್ರಿಕೆಯನ್ನು ಹಾಳೆ ಹಾಳೆ ಹಂಚಿಕೊಂಡು ಓದುತ್ತಿದ್ದರು. ನಾನು ಒಳಗೆ ಹೋದ ಕೂಡಲೇ ಎಲ್ಲರೂ ಹಾಳೆ ಇಳಿಸಿದರು. ಮೇಜಿನ ಹಿಂದೆ ಕೂತಿದ್ದ ಯುವಕ ಕನ್ನಡದಲ್ಲೇ ಕೇಳಿದ, "ತಾವು ಸದಸ್ಯರೇ?" ನಾವು ಮನೆಯಲ್ಲಿ, ಪೇಟೆಯಲ್ಲಿ ಎಲ್ಲ ತುಳುವಿನಲ್ಲೇ ಮಾತಾಡುವವರು. ಅವನು ಕನ್ನಡ ತೆಗೆದದ್ದು ಕಂಡಾಗಲೇ ಇದು ಆಗುವ ಕೆಲಸ ಅಲ್ಲ ಎಂದು ನನಗೆ ಗೊತ್ತಾಯಿತು.

ಸದಸ್ಯಳಲ್ಲ ಎಂದೆ. ಸದಸ್ಯಳಾಗಲು ಏನು ಬೇಕು ಎಂದು ಕೇಳಿದೆ.

"ಒಬ್ಬರು ಜಾಮೀನು ಹಾಕಬೇಕು. ಸ್ವಂತ ಪಟ್ಟಾ ಜಾಗ ಇರುವವರು."

"ಒಕ್ಕಲಿನವರಿಗೆ ಪಟ್ಟಾ ಎಲ್ಲಿಂದ ಬರ್ತದೆ?"

"ಹಾಗಾದ್ರೆ ನಿಮ್ಮ ಧಣಿಗಳದ್ದೇ ಸಹಿ ಹಾಕಿಸಿ ತನ್ನಿ," ಎಂದ. ಚೇಷ್ಟೆಗೆ ಹೇಳಿದ್ದಲ್ಲ, ಅವನಿಗೆ ಅದು ಸುಲಭದ ದಾರಿ ಎಂದು ಕಂಡಿತ್ತು.

"ಪುಸ್ತಕ ಯಾವುದು ಅಂತ ಅವರು ಕೇಳಿದ್ರೆ?"

"ಯಾವುದು?"

ಹೇಳಿದೆ. ಪತ್ರಿಕೆ ಓದುತ್ತಿದ್ದವರಲ್ಲಿ ಒಬ್ಬ ಮುದುಕ ಹೊಟ್ಟೆ ಕುಣಿಸಿಕೊಂಡು ನಕ್ಕ. "ಹಾಕಿಸಿ ಅಕ್ಕ, ಹಾಕಿಸಿ. ಧಣಿಗಳ ಸಹಿಯಲ್ಲಿ ಧಣಿಗಳನ್ನೇ ಎಬ್ಬಿಸುವ."

ಮೇಜಿನವನ ಮುಖ ಕೆಂಪಾಯಿತು. "ಅದು ಹೇಗೂ ಇಲ್ಲಿ ಇಲ್ಲ. ಮೂಡಬಿದಿರೆಯ ಓದುವ ಕೋಣೆಯಲ್ಲಿ ಉಂಟು ಅಂತ ಕೇಳಿದ್ದೇನೆ," ಎಂದ.

ಇಲ್ಲ ಎಂಬುದನ್ನು ಮೊದಲೇ ಹೇಳಿದ್ದರೆ ಜಾಮೀನು, ಪಟ್ಟಾ, ನಗು ಎಲ್ಲ ಉಳಿಯುತ್ತಿತ್ತು. ಓದಿದವರು ಒಂದು ಇಲ್ಲ ಹೇಳಲು ಎಷ್ಟು ಸುತ್ತುತ್ತಾರೆ ಎಂದು ನನಗೆ ಆವತ್ತು ಕಂಡಿತು.

ಮೂಡಬಿದಿರೆಗೆ ನಮ್ಮಲ್ಲಿಂದ ಗುರುವಾಯನಕೆರೆಗೆ ಹೋಗಿ ವೇಣೂರಿನ ಬಸ್ಸು ಹಿಡಿಯಬೇಕು. ನಾನು ಹೋಗುವಾಗ ನವರಾತ್ರಿ ಅರ್ಧ ಕಳೆದಿತ್ತು. ಓದುವ ಕೋಣೆ ಬಸದಿಗೆ ಹೋಗುವ ಬೀದಿಯಲ್ಲಿತ್ತು. ನೋಡಿಕೊಳ್ಳುತ್ತಿದ್ದವರು ಕನ್ನಡಕದ ಒಬ್ಬ ಹಿರಿಯರು. ನಾನು ಪುಸ್ತಕದ ಗುರುತು ಹೇಳಿದೆ. ಅವರು ದನಿ ಇಳಿಸಲಿಲ್ಲ, ಜಾಮೀನು ಕೇಳಲಿಲ್ಲ.

"ಉಂಟು," ಎಂದರು.

ಇಷ್ಟು ತಿರುಗಿದ ಮೇಲೆ ಒಬ್ಬರಾದರೂ ಉಂಟು ಎಂದರಲ್ಲ ಎಂದು ನಾನು ಹೊಸ್ತಿಲಿನಲ್ಲೇ ಕೂತೆ. ಅವರು ಬೆಲ್ಲ, ನೀರು ತಂದುಕೊಟ್ಟರು.

"ಆದ್ರೆ ತಂಗಿ, ಶಾರದಾ ಪೂಜೆಗೆ ಇಟ್ಟಾಗಿದೆ."

ಗೋಡೆಯ ಹತ್ತಿರ ದೊಡ್ಡ ಮಣೆ, ಅದರ ಮೇಲೆ ಪುಸ್ತಕಗಳ ರಾಶಿ, ಮೇಲೆ ರೇಷ್ಮೆಯ ವಸ್ತ್ರ, ಎದುರು ದೀಪ. ರಾಶಿಯ ಅಡಿಯಲ್ಲಿ ಒಂದು ನೀಲಿ ಮೂಲೆ ಕಾಣುತ್ತಿತ್ತು. ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಗೆ ತೆಗೆಯುವವರೆಗೆ ಮುಟ್ಟಬಾರದು, ಓದಬಾರದು, ಬರೆಯಲೂಬಾರದು. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಶಾಲೆಗೆ ಹೋಗುವಾಗ ಆ ದಿನಗಳಿಗೆ ನಾವು ಕಾಯುತ್ತಿದ್ದೆವು. ಹಾಗಾಗಿ ನನಗೆ ಸಂಶಯ ಬರಲಿಲ್ಲ.

"ವಿಜಯದಶಮಿ ದಿನ ಬೆಳಿಗ್ಗೆ ಪೂಜೆ ತೆಗೆಯುವುದಲ್ಲ? ಬರ್ತೇನೆ. ಮನೆಗೆ ಕೊಡುದು ಬೇಡ, ಇಲ್ಲಿಯೇ ಕೂತು ಓದ್ತೇನೆ," ಎಂದೆ.

ಅವರು ಆಯಿತು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ದೀಪಕ್ಕೆ ಎಣ್ಣೆ ಹಾಕಿದರು. ಅದನ್ನು ನಾನು ಒಪ್ಪಿಗೆ ಎಂದುಕೊಂಡು ಬಂದೆ.

ಗುಮಾಸ್ತ ಬರುವುದೂ ವಿಜಯದಶಮಿಗೇ. "ನಾನು ಬರುವವರೆಗೆ ಏನೂ ಒತ್ಬೇಡಿ," ಎಂದು ಗಂಡನಿಗೆ ಹೇಳಿ ಮೊದಲ ಬಸ್ಸಿಗೆ ಹೊರಟೆ. ನಮ್ಮ ಮನೆಯಲ್ಲೂ ಕತ್ತಿ, ಹಾರೆ, ನೊಗ ಎಲ್ಲ ಒಳಕೋಣೆಯಲ್ಲಿ ಪೂಜೆಗೆ ಇಟ್ಟಿತ್ತು. ಬಂದು ತೆಗೆಯುವ ಎಂದು ಹಾಗೆಯೇ ಬಿಟ್ಟೆ.

ಮೂಡಬಿದಿರೆಗೆ ನಾನು ಮುಟ್ಟುವಾಗ ಹಿರಿಯರು ರಾಶಿಯಿಂದ ಒಂದೊಂದೇ ಪುಸ್ತಕ ತೆಗೆದು, ಕಣ್ಣಿಗೆ ಒತ್ತಿ, ಬೀದಿಯ ಮಕ್ಕಳ ಕೈಗೆ ಕೊಡುತ್ತಿದ್ದರು. ಮಕ್ಕಳು ಒಂದು ಸಾಲು ಓದಿ, ಪಂಚಕಜ್ಜಾಯ ತಿಂದು ಓಡುತ್ತಿದ್ದರು. ಪುಸ್ತಕಗಳೆಲ್ಲ ಕಪಾಟಿಗೆ ಹೋದವು. ಮಣೆಯ ಮೇಲೆ ಉಳಿದದ್ದು ನೀಲಿಯದ್ದು ಒಂದೇ. ಅದರ ಮೇಲೆ ಅವರು ಮತ್ತೆ ವಸ್ತ್ರ ಎಳೆದರು.

"ಅದು?" ಎಂದೆ.

"ಅದನ್ನು ತೆಗೆಯುದಿಲ್ಲ ತಂಗಿ."

"ಪೂಜೆ ಮುಗಿಯಿತಲ್ಲ?"

"ಅದು ಪೂಜೆಯಲ್ಲೇ ಇರ್ತದೆ."

ನಾನು ಪುಸ್ತಕಕ್ಕೆ ಬೆರಳು ತಾಗಿಸದೆ ವಸ್ತ್ರದ ತುದಿ ಎತ್ತಿ ನೋಡಿದೆ. ರಟ್ಟಿನ ಮೇಲಿನ ಕುಂಕುಮ ಕಪ್ಪಾಗಿ ಗಟ್ಟಿ ಕೂತಿತ್ತು. ಒಂದು ಗೊಂಡೆಹೂ ಒಣಗಿ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿ ಅಂಟಿಕೊಂಡಿತ್ತು. ನಾಲ್ಕು ದಿನದ ಹೂ ಹಾಗಿರುವುದಿಲ್ಲ.

"ಇದು ಈ ವರ್ಷದ ಹೂ ಅಲ್ಲ," ಎಂದೆ.

"ಹೋದ ವರ್ಷದ್ದು," ಎಂದು ಅವರು ಒಪ್ಪಿಕೊಂಡರು. ಮಕ್ಕಳು ಹೊರಗೆ ಹೋಗುವವರೆಗೆ ಕಾದು ಹೇಳಿದರು: "ಯಾರೋ ಅಂಚೆಯಲ್ಲಿ ಕಳಿಸಿದ್ರು. ಬಂದ ಪುಸ್ತಕ ಬಿಸಾಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಈ ಕಪಾಟು ನೋಡಿ, ಈ ಮೇಜು ನೋಡಿ, ಎಲ್ಲ ದೊಡ್ಡ ಮನೆಯವರು ಕೊಟ್ಟದ್ದು. ಈ ಪುಸ್ತಕ ಹೊರಗೆ ಹೋಯ್ತು ಅಂತಾದ್ರೆ ನಾಳೆ ಕೋಣೆಗೇ ಬೀಗ. ಪೂಜೆಯಲ್ಲಿ ಇದ್ದರೆ ಯಾರಿಗೂ ತೊಂದರೆ ಇಲ್ಲ."

"ಓದ್ಬೇಕಾದವರಿಗೆ?"

ಅವರು ಕನ್ನಡಕ ತೆಗೆದು ಒರೆಸಿದರು.

"ಇವತ್ತು ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತಿಸ್ತಾರೆ. ಒಂದು ಘಳಿಗೆ ಕೊಡಿ, ಇಲ್ಲಿಯೇ, ನಿಮ್ಮ ಎದುರು ಓದ್ತೇನೆ. ಒತ್ತದಿದ್ದರೆ ಏನಾಗ್ತದೆ ಅನ್ನುವ ಒಂದು ಹಾಳೆ ಸಾಕು."

"ಒಂದು ಹಾಳೆ ಅಂತ ಇಲ್ಲ ತಂಗಿ. ತೆರೆದರೆ ತೆರೆದ ಹಾಗೆಯೇ."

ನಾನು ಕೈ ಚಾಚಿದೆ. ಅವರು ತಡೆಯಲಿಲ್ಲ. ತಡೆಯುವ ಅಗತ್ಯವೇ ಇರಲಿಲ್ಲ. ದೇವರ ಮಣೆಯ ಮೇಲಿನದ್ದಕ್ಕೆ ಕೈ ಹಾಕಬಾರದು ಎಂದು ಸಣ್ಣಂದಿನಲ್ಲಿ ಬೆರಳಿಗೆ ಹೊಡೆದು ಕಲಿಸಿದ್ದಾರೆ, ಕೈ ಅಲ್ಲಿಯೇ ನಿಂತಿತು. ಅಲ್ಲಿ ಇದ್ದದ್ದು ನಾನು, ಅವರು, ಒಂದು ದೀಪ. ಎತ್ತಿಕೊಂಡು ಓಡಿದ್ದರೆ ಅಷ್ಟು ವಯಸ್ಸಾದವರು ನನ್ನನ್ನು ಹಿಡಿಯುತ್ತಿದ್ದರಾ? ಬೀಗಕ್ಕಿಂತ ಗಟ್ಟಿಯಾದದ್ದನ್ನು ಅವರು ಹಾಕಿದ್ದರು, ಅದು ಅವರಿಗೆ ಗೊತ್ತಿತ್ತು.

"ನಿಮ್ಮ ಶಾರದೆ ಒಳ್ಳೆ ಕಾವಲು ಕಾಯ್ತಾಳೆ," ಎಂದು ಹೇಳಿ ಇಳಿದೆ. ಪಂಚಕಜ್ಜಾಯ ಕೊಡಲು ಬಂದರು. ತೆಗೆದುಕೊಳ್ಳಲಿಲ್ಲ.

ಬಸ್ಸಿನಲ್ಲಿ ಇಡೀ ದಾರಿ ಹಲ್ಲು ಕಚ್ಚಿ ಕೂತಿದ್ದೆ. ಇಲ್ಲದ ಪುಸ್ತಕವಾದರೆ ಬಿಟ್ಟುಬಿಡಬಹುದು. ಬೆರಳಿನಷ್ಟು ದೂರದಲ್ಲಿ ಇದ್ದದ್ದು, ಕನ್ನಡದಲ್ಲಿ ಇದ್ದದ್ದು, ನಮಗೆಂದೇ ಬರೆದದ್ದು.

ಮನೆಗೆ ಬರುವಾಗ ಗುಮಾಸ್ತ ಜಗಲಿಯಲ್ಲಿ ಬೊಂಡ, ಅಂದರೆ ಎಳನೀರು, ಕುಡಿಯುತ್ತಿದ್ದ. ನಮ್ಮಲ್ಲಿ ಅವನು ಬೊಂಡ ಬಿಟ್ಟರೆ ಬೇರೆ ಏನೂ ಕುಡಿಯುವುದಿಲ್ಲ, ಜಗಲಿ ಬಿಟ್ಟು ಒಳಗೆ ಬರುವುದೂ ಇಲ್ಲ. ನಮ್ಮ ಮನೆಯ ಹೊಸ್ತಿಲು ದಾಟಿದರೆ ಅವನಿಗೆ ಮೈಲಿಗೆ, ಮೀಯಬೇಕು. ಕಾಗದ ಹಾಸಿ ಮೇಲೆ ಕಲ್ಲು ಇಟ್ಟಿದ್ದ. ಛಾಪಾ ಕಾಗದ, ಬರೆದು ತುಂಬಿಸಿದ್ದು. ಶಾಯಿಯ ಡಬ್ಬಿ ತೆರೆದಿತ್ತು. ನನ್ನ ಗಂಡ ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತಾ ಕೂತಿದ್ದರು.

"ಬಂದಳಲ್ಲ, ಇನ್ನು ಒತ್ತುವ," ಎಂದ ಗುಮಾಸ್ತ. "ಮುಹೂರ್ತ ದಾಟ್ತದೆ."

ಏನು ಹೇಳುವುದು ಎಂದು ನನಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಏನಿದೆ ಎಂದು ಗೊತ್ತಿದ್ದರೆ ಅದನ್ನು ಹೇಳುತ್ತಿದ್ದೆ. ಗೊತ್ತಿದ್ದದ್ದು ಒಂದೇ, ಅದನ್ನು ಅವರು ಎಲ್ಲಿ ಇಟ್ಟಿದ್ದಾರೆ ಎಂಬುದು.

"ಒಳ್ಳೆ ದಿನ ಅಂತ ನೀವೇ ಹೇಳಿದ್ದು," ಎಂದೆ. "ಕೊಡಿ, ಒಮ್ಮೆ ದೇವರ ಎದುರು ಇಟ್ಟು ತರ್ತೇನೆ."

ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ವಿಜಯದಶಮಿ ದಿನ ಹೊಸ ಕಾಗದವನ್ನು ದೇವರ ಎದುರು ಇಡುವುದು ಬೇಡ ಎಂದು ಯಾರು ಹೇಳುತ್ತಾರೆ? ಕಲ್ಲು ಎತ್ತಿ ಕೊಟ್ಟ. ನಾನು ಒಳಕೋಣೆಗೆ ಹೋಗಿ ಕಾಗದವನ್ನು ಮಣೆಯ ಮೇಲೆ ಹಾಸಿ, ಮೇಲೆ ಕತ್ತಿ ಇಟ್ಟು, ಕುಂಕುಮ ಹಾಕಿ, ಕೈ ಮುಗಿದು ಬಂದು ಜಗಲಿಯಲ್ಲಿ ಕೂತೆ.

ಗುಮಾಸ್ತ ಬೊಂಡ ಕುಡಿದು ಮುಗಿಸಿದ.

"ತನ್ನಿ ಮತ್ತೆ," ಎಂದ.

"ಪೂಜೆಗೆ ಇಟ್ಟದ್ದನ್ನು ತೆಗೀಲಿಕ್ಕೆ ಉಂಟಾ?"

"ಇವತ್ತು ವಿಜಯದಶಮಿ. ಇವತ್ತೇ ತೆಗೆಯುವುದು."

"ನಾನೂ ಹಾಗೆಯೇ ತಿಳ್ಕೊಂಡಿದ್ದೆ. ಮೂಡಬಿದಿರೆಯಲ್ಲಿ ಹೋದ ವರ್ಷದ್ದನ್ನೇ ಇನ್ನೂ ತೆಗೀಲಿಲ್ಲ, ಈಗ ನೋಡಿ ಬಂದೆ. ಅವರು ಓದಿದವರು. ನಮಗೆ ಅವರಿಗಿಂತ ಹೆಚ್ಚು ಶಾಸ್ತ್ರ ಗೊತ್ತುಂಟಾ?"

ಅವನು ನನ್ನ ಗಂಡನ ಕಡೆ ತಿರುಗಿದ. "ಎಂತದು ಮಾರಾಯ ಇದು? ಹೋಗಿ ತಾ."

ನನ್ನ ಗಂಡ ಎದ್ದರು. ಒಳಗೆ ಹೋದರು. ಬರಿಗೈಯಲ್ಲಿ ಹೊರಗೆ ಬಂದರು. "ಇಟ್ಟದ್ದು ಅವಳು," ಎಂದರು, "ಮೇಲೆ ಕುಂಕುಮ ಬಿದ್ದುಂಟು. ನಾನು ಕೈ ಹಾಕ್ಲಿಕ್ಕೆ ಇಲ್ಲ." ಬೆನ್ನು ಬಾಗಿಯೇ ಇತ್ತು, ಆದರೆ ಹೇಳಿದರು.

ಗುಮಾಸ್ತ ಹೊಸ್ತಿಲಿನವರೆಗೆ ಬಂದ. ಅಲ್ಲಿಂದ ಮಣೆ ಕಾಣುತ್ತದೆ, ಮಣೆಯ ಮೇಲೆ ಕಾಗದ ಕಾಣುತ್ತದೆ. ಒಂದು ಕಾಲು ಎತ್ತಿದ, ಎತ್ತಿದ ಕಾಲನ್ನು ಅಲ್ಲಿಯೇ ಇಟ್ಟ. ಬೆಳಿಗ್ಗೆ ನನ್ನ ಕೈ ನಿಂತ ಹಾಗೆಯೇ.

"ಧಣಿಗಳಿಗೆ ನಾನು ಎಂತ ಹೇಳ್ಲಿ?"

"ದೇವರ ಹತ್ರ ಉಂಟು ಅಂತ ಹೇಳಿ. ಅವಸರ ಇದ್ದರೆ ಅವರೇ ಬಂದು ತೆಗೀಲಿ. ನಾವು ಹೊಸ್ತಿಲಿಗೆ ಅಡ್ಡ ನಿಲ್ಲುದಿಲ್ಲ."

ಅವನು ಶಾಯಿಯ ಡಬ್ಬಿ ಮುಚ್ಚಿ, ಕೊಡೆ ಮರೆತು ಹೋಗಿ, ಮತ್ತೆ ಬಂದು ತೆಗೆದುಕೊಂಡು ಹೋದ.

"ಇನ್ನೊಂದು ಕಾಗದ ಮಾಡಿಸ್ತಾರೆ," ಎಂದರು ನನ್ನ ಗಂಡ.

"ಮಾಡಿಸಲಿ. ಮಣೆ ದೊಡ್ಡದುಂಟು."

ಹೇಳಿದ್ದು ಜೋರಾಗಿಯೇ. ಆದರೆ ಆ ದಿನ ನನಗೆ ಸಂತೋಷ ಆಗಲಿಲ್ಲ, ಈಗ ನೆನೆದರೂ ಆಗುವುದಿಲ್ಲ. ನಮಗೆ ಹಕ್ಕು ಇತ್ತಾ ಇಲ್ಲವಾ ಎಂದು ತಿಳಿದು ಮಾತಾಡಬೇಕಾದವಳು ಕುಂಕುಮದ ಹಿಂದೆ ಅಡಗಿ ಮಾತಾಡಿದೆ. ಒಂದು ಹಾಳೆ ಓದಲು ಬಿಟ್ಟಿದ್ದರೆ ಆ ನಾಟಕ ಬೇಕಿರಲಿಲ್ಲ.

ಮರುದಿನ ಬೆಳಿಗ್ಗೆ ಮಿಂದು ಬಂದು ಕಾಗದದ ಮೇಲೆ ಹೊಸ ದಾಸವಾಳ ಇಟ್ಟೆ. ನಮ್ಮ ಕತ್ತಿ ಪೂಜೆಯಲ್ಲಿತ್ತು. ಪಕ್ಕದ ಮನೆಯ ಕತ್ತಿ ಕೇಳಿ ತಂದು, ಗದ್ದೆಗೆ ಇಳಿದು, ಭತ್ತ ಕೊಯ್ಯಲು ಸುರುಮಾಡಿದೆ.